ಶಿವನ ತಲೆಗೆ ಕಟ್ಟಬೇಡಿ



2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜೀವಗಳು ಕಾಲ್ತುಳಿತಕ್ಕೆ ಬಲಿಯಾದವು. ನಮ್ಮ ಯಾದಗಿರಿ ಸೀಮೆಯ ಕುಡಿಯೊಂದೂ ಅದರಲ್ಲಿತ್ತು. ಸರಕಾರ ತಲಾ 25 ಲಕ್ಷ ರೂಪಾಯಿ ಘೋಷಿಸಿತು. ಶಹಾಪುರ, ಸುರಪುರಗಳಿಂದ ಬಂದ ಭಕ್ತರು "ಎಲ್ಲಾ ಶಿವನಾಟರಿ, ಅಪ್ಪಾವರ" ಎಂದು ನಿಟ್ಟುಸಿರಿಟ್ಟರು.

ನಾವು ಇದನ್ನು ಒಪ್ಪಲಾರೆವು. ಸುಮಾರು 35,000 ಜನ ಹಿಡಿಸುವ ಅಂಗಣಕ್ಕೆ ಲಕ್ಷಗಟ್ಟಲೆ ಜನರನ್ನು ಕರೆದವನು ಶಿವನೇ?

ಇಂಗ್ಲೆಂಡಿನ ದೂರದರ್ಶನದಲ್ಲಿ 2022ರಲ್ಲಿ 'ಆ್ಯನ್' ಎಂಬ ನಾಟಕ ಪ್ರಸಾರವಾಯಿತು. ಅದು ಆ್ಯನ್ ವಿಲಿಯಮ್ಸ್ ಎಂಬ ತಾಯಿಯ ನಿಜಕಥೆ. 1989ರ ಹಿಲ್ಸ್‌ಬರೋ ಕಾಲ್ಚೆಂಡಿನ ಅಂಗಣದ ನೂಕುನುಗ್ಗಲು ಒಟ್ಟು 97 ಜೀವಗಳನ್ನು ನುಂಗಿತು; ಆಕೆಯ 15 ವರ್ಷದ ಮಗನೂ ಹೋದನು. ಅಂದಿನ ವಿಚಾರಣಾಧಿಕಾರಿ ಮಧ್ಯಾಹ್ನ 3.15ರ ಆಚೆಗಿನ ಸಾಕ್ಷ್ಯವನ್ನು ಕೇಳಲೇ ಇಲ್ಲ. ಮಗನು ಆಮೇಲೂ ಉಸಿರಾಡುತ್ತಿದ್ದನೆಂದು ಆ ತಾಯಿ ಸಾಕ್ಷಿಗಳನ್ನು ಅರಸಿ ಅರಸಿ ತೋರಿಸಿದಳು. 2012ರಲ್ಲಿ ಹಳೆಯ ತೀರ್ಮಾನ ರದ್ದಾಯಿತು. 2013ರಲ್ಲಿ ಆಕೆ ತೀರಿಕೊಂಡಳು. ಅದು ಆಕಸ್ಮಿಕವಲ್ಲ, ಕಾನೂನುಬಾಹಿರ ಹತ್ಯೆಯೆಂದು ಪಂಚರು ನುಡಿದದ್ದು 2016ರಲ್ಲಿ!

ನಮ್ಮ ಧಾರಾವಾಹಿಗಳ ತಾಯಿಯೋ ವರ್ಷಗಟ್ಟಲೆ ಅಳುತ್ತಾಳೆ, ಒಂದು ಪ್ರಶ್ನೆಯನ್ನೂ ಕೇಳಳು.

ನ್ಯಾಯಮೂರ್ತಿ ಮೈಕೆಲ್ ಡಿಕುನ್ಹ ಆಯೋಗ 2025ರ ಜುಲೈನಲ್ಲಿಯೇ ವರದಿ ಕೊಟ್ಟಿದೆ. ಅದರ ಕನ್ನಡ ಪ್ರತಿ ಆ ತಾಯಂದಿರ ಕೈಗೆ ತಲುಪಿತೇ ಎಂದು ನಿಮ್ಮ ಶಾಸಕರನ್ನು ಕೇಳಿರಿ. ಮಠಕ್ಕೆ ಅವರು ಬಂದಾಗ ನಾವೂ ಕೇಳುತ್ತೇವೆ.