ಅರಸರ ಕಾರು ಉಳಿಯಿತು, ನಮ್ಮೂರ ಬಸ್ಸು?

ಕಳೆದ ಅಮಾವಾಸ್ಯೆಯಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ನಂದಿಗುಡಿಯ ನಮ್ಮ ಮನೆಗೆ ಬಂದಿದ್ದರು. ಉಕ್ಕಡಗಾತ್ರಿಯಲ್ಲಿ ಅಜ್ಜಯ್ಯನ ದರ್ಶನ ಮುಗಿಸಿ, ಹಿಂದಿರುಗುವಾಗ ನಮ್ಮಲ್ಲಿ ಒಂದು ಲೋಟ ಚಹಾ ಕುಡಿದು ಹೋಗುವುದು ಅವರ ಬಹುಕಾಲದ ವಾಡಿಕೆ. ಅಂದು ಮಾತ್ರ ಚಹಾ ತಣ್ಣಗಾದರೂ ಅವರು ಲೋಟ ಮುಟ್ಟಲಿಲ್ಲ.

"ಮೇಷ್ಟ್ರೇ, ನಿಮ್ಮ ಶಿಷ್ಯನಿಗೆ ನೀವಾದ್ರೂ ಒಂದು ಮಾತು ಹೇಳ್ರಿ. ಗುಜರಿಗೆ ಹೋಗೋ ಬಸ್ಸನ್ನ ದುಡ್ಡು ಕೊಟ್ಟು ತಗಂತಾನಂತೆ. ಮನೇಲಿ ಯಾರು ಹೇಳಿದ್ರೂ ಕೇಳ್ತಿಲ್ಲ" ಎಂದರು.

ಆ ಶಿಷ್ಯ ಈಗ ದಾವಣಗೆರೆಯಲ್ಲಿ ಬಸ್ಸು, ಲಾರಿಗಳ ಬಾಡಿ ದುರಸ್ತಿ ಮಾಡುವ ಸಣ್ಣ ಶೆಡ್ಡೊಂದನ್ನು ನಡೆಸುತ್ತಾನೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಅವನ ಸಮಾಜ ವಿಜ್ಞಾನದ ನೋಟುಪುಸ್ತಕದ ಹಿಂದಿನ ಪುಟಗಳ ತುಂಬ ಬಸ್ಸಿನ ಚಿತ್ರಗಳೇ ಇರುತ್ತಿದ್ದವು. ಒಂದು ದಿನ ನಾನು ಆ ಪುಸ್ತಕವನ್ನು ತರಗತಿಗೆಲ್ಲ ತೋರಿಸಿ, "ಇವನು ಮುಂದೆ ಕ್ಲೀನರ್ ಆಗುತ್ತಾನೆ" ಎಂದು ನಗಿಸಿದ್ದೆ. ಅಂದು ನಕ್ಕವರಲ್ಲಿ ಕೆಲವರು ಈ ಬರಹವನ್ನು ಓದುತ್ತಿರಬಹುದು. ಆ ಮಾತು ತಪ್ಪು. ಅವನಿಗೆ ಮಾತ್ರವಲ್ಲ, ಕ್ಲೀನರ್ ಎಂಬ ಶ್ರಮಜೀವಿಗೂ ನಾನು ಅಂದು ಅಪಚಾರ ಮಾಡಿದೆ. ಆದ್ದರಿಂದ ಬುದ್ಧಿ ಹೇಳುವ ಮೊದಲು ಆ ಬಸ್ಸನ್ನು ಕಣ್ಣಾರೆ ನೋಡಿಬರುವುದು ನ್ಯಾಯವೆನಿಸಿತು.

ಹರಿಹರದ ಹೊರವಲಯದಲ್ಲಿ, ರಸ್ತೆಯ ಪಕ್ಕದ ಹೊಲದಂಚಿನಲ್ಲಿ ಅದು ನಿಂತಿತ್ತು. ಮುಂದೆ ಉದ್ದ ಮೂತಿಯಿರುವ ಹಳೆಯ ಟಾಟಾ ಬಸ್ಸು. ಓಡಾಟ ನಿಂತ ಮೇಲೆ ಹಲವು ವರ್ಷ ಚಹಾದ ಅಂಗಡಿಯಾಗಿತ್ತಂತೆ. ಈಗ ಅಂಗಡಿಯೂ ಇಲ್ಲ. ಜಾಗದ ಒಡೆಯರು ಅದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಲು ಮಾತನಾಡಿದ್ದಾರೆ. ಕಿಟಕಿಯ ಕೆಳಗಿನ ತಗಡು ತುಕ್ಕು ಹಿಡಿದು ಜರಡಿಯಾಗಿದೆ. ಒಳಗಿನ ಮರದ ಚೌಕಟ್ಟನ್ನು ಕೆಲವೆಡೆ ಗೆದ್ದಲು ತಿಂದಿದೆ. ಹುಡುಗ ಎಮರಿ ಪೇಪರಿನಿಂದ ಬಾಗಿಲ ಮೇಲಿನ ಬಣ್ಣವನ್ನು ಮೆಲ್ಲಗೆ ಉಜ್ಜಿದ್ದ. ನೀಲಿಯ ಅಡಿಯಲ್ಲಿ ಹಸಿರು, ಹಸಿರಿನ ಅಡಿಯಲ್ಲಿ ಕೆಂಪು, ಕೆಂಪಿನ ಮೇಲೆ ಹಳದಿಯಲ್ಲಿ ಬರೆದ "ಬೆನ್ನೂ" ಎಂಬ ಎರಡಕ್ಷರ. "ಮಲೇಬೆನ್ನೂರು ಸಾರ್. ಇದು ನಮ್ಮ ಕಡೆ ಓಡಿದ ಗಾಡಿ" ಎಂದ. ನನಗೆ ಮಾತು ಹೊರಡಲಿಲ್ಲ.

ನನ್ನ ಬಾಲ್ಯದಲ್ಲಿ ನಮ್ಮೂರಿಗೆ ದಿನಕ್ಕೆ ಎರಡು ಬಾರಿ ಬಸ್ಸು ಬರುತ್ತಿತ್ತು. ಚಳಿಗಾಲದ ಮುಂಜಾನೆ ಎಂಜಿನ್ ಹಟ ಹಿಡಿದರೆ ಪ್ರಯಾಣಿಕರೇ ಇಳಿದು ತಳ್ಳುತ್ತಿದ್ದರು. ಹಿಂಬದಿಯ ಏಣಿ ಹತ್ತಿ ಟಾಪಿನ ಮೇಲೆ ಭತ್ತದ ಚೀಲ, ಬಾಳೆಗೊನೆ, ಸೈಕಲ್ಲುಗಳನ್ನು ಹೇರುತ್ತಿದ್ದರು. ಮೂತಿಯ ಮೇಲೆ ವೃತ್ತದೊಳಗೆ ಮೂರು ಮೂಲೆಯ ನಕ್ಷತ್ರವಿದ್ದ ಬಸ್ಸುಗಳೂ ಆಗ ಓಡುತ್ತಿದ್ದವು. 1954ರಿಂದ 1969ರವರೆಗೆ ಟಾಟಾ ಕಂಪನಿಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದವಿತ್ತೆಂದು ತಿಳಿದದ್ದು ಬಹಳ ತಡವಾಗಿ. ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ಬಸ್ಸಿನ ಹಿಂದೆ ಒಲೆ ಕಟ್ಟಿ, ಇದ್ದಲು ಉರಿಸಿ, ಅದರಿಂದ ಹೊರಟ ಅನಿಲದಿಂದಲೇ ಎಂಜಿನ್ ನಡೆಸುತ್ತಿದ್ದ ಕಥೆಯನ್ನು ನಮ್ಮ ತಂದೆ ಹೇಳುತ್ತಿದ್ದರು. ಏರು ಬಂದಾಗ ಆ ಅನಿಲಕ್ಕೆ ಶಕ್ತಿ ಸಾಲದೆ ಜನ ಇಳಿದು ನಡೆಯಬೇಕಾಗುತ್ತಿತ್ತಂತೆ. ಈಗ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ತಾತ ಸುಳ್ಳು ಹೇಳುತ್ತಾನೆಂದು ನಗುತ್ತಾರೆ. ತೋರಿಸಲು ವಸ್ತುವಿಲ್ಲದ ಇತಿಹಾಸ ಹೀಗೆ ಕಟ್ಟುಕಥೆಯಾಗುತ್ತದೆ.

ನಮ್ಮ ನಾಡಿನ ಬಸ್ಸಿನ ಚರಿತ್ರೆ ಸಣ್ಣದೇನಲ್ಲ. 1914ರಲ್ಲಿಯೇ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಸಿ.ಪಿ.ಸಿ., ಹುಟ್ಟಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಮಲೆನಾಡಿನ ಕೊಪ್ಪದಲ್ಲಿ 1991ರಲ್ಲಿ, ಖಾಸಗಿ ಕಂಪನಿಯೊಂದು ನಿಂತುಹೋದಾಗ, ಅದರ ಕಾರ್ಮಿಕರೇ ಕೂಡಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಡ್ರೈವರ್, ಕಂಡಕ್ಟರುಗಳೇ ಒಡೆಯರಾಗಿದ್ದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತವು. ಇವೆಲ್ಲ ಅರಸರ ದಂಡಯಾತ್ರೆಗಳಿಗಿಂತ ಕಡಿಮೆಯಾದ ಚರಿತ್ರೆಯೆಂದು ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ಒಪ್ಪಲಾರೆ. ಆದರೆ ಇವುಗಳಲ್ಲಿ ಒಂದನ್ನಾದರೂ ನಾನು ಪಾಠದಲ್ಲಿ ಹೇಳಲಿಲ್ಲವೆಂಬುದೂ ನಿಜ.

ರೈಲಿಗೆ ಈ ಗೌರವ ಸಂದಿದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರದು. ಹುಬ್ಬಳ್ಳಿಯಲ್ಲಿ 2020ರಲ್ಲಿ ಮತ್ತೊಂದಾಯಿತು. ಹಳೆಯ ಕಾರುಗಳಿಗೂ ಸಂದಿದೆ. ಧರ್ಮಸ್ಥಳದ ಸಂಗ್ರಹವನ್ನು ನೋಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಬೆಂಗಳೂರಿನ ಹಳೆಯ ಕಾರುಗಳ ಮೆರವಣಿಗೆಯ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಅದಕ್ಕೆ ನನ್ನ ಆಕ್ಷೇಪವಿಲ್ಲ, ಉಳಿಸಿದವರಿಗೆ ನಮಸ್ಕಾರ. ಆದರೆ ಆ ಕಾರುಗಳಲ್ಲಿ ಕುಳಿತವರೆಷ್ಟು ಮಂದಿ? ನಮ್ಮ ತಾಯಂದಿರು ಹೆರಿಗೆಗೆ ಹೋದದ್ದು, ನಮ್ಮೂರ ಹೆಣ್ಣುಮಕ್ಕಳು ಮೊದಲ ಬಾರಿಗೆ ಹೈಸ್ಕೂಲಿಗೆ ಹೋದದ್ದು, ಹರಿಹರ, ದಾವಣಗೆರೆಯ ಕಾರ್ಖಾನೆ, ಗಿರಣಿಗಳಿಗೆ ಕೆಲಸಗಾರರು ಹೋದದ್ದು ಬಸ್ಸಿನಲ್ಲಿ. "ಹಿತ್ತಲ ಗಿಡ ಮದ್ದಲ್ಲ" ಎಂಬಂತೆ, ದಿನವೂ ಕಂಡದ್ದಕ್ಕೆ ಬೆಲೆಯಿಲ್ಲದಾಯಿತು.

ಇದು ಬರೀ ಜನರ ಉದಾಸೀನವಲ್ಲ, ಕಾನೂನೂ ಹಾಗೆಯೇ ಇದೆ. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನವನ್ನು "ವಿಂಟೇಜ್" ಎಂದು ನೋಂದಾಯಿಸಬಹುದು, ಅದಕ್ಕೆ "ವಿ.ಎ." ಎಂಬ ಅಕ್ಷರಗಳಿರುವ ವಿಶೇಷ ಸಂಖ್ಯೆ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಒಳ್ಳೆಯ ನಿಯಮವೇ. ಆದರೆ ಅದು ಅನ್ವಯಿಸುವುದು ಸ್ವಂತ ಬಳಕೆಯ ದ್ವಿಚಕ್ರ ವಾಹನಗಳಿಗೆ ಮತ್ತು ಡ್ರೈವರನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಆಸನಗಳಿಲ್ಲದ ಕಾರುಗಳಿಗೆ ಮಾತ್ರ. ಐವತ್ತು ಜನರನ್ನು ಹೊತ್ತ ಬಸ್ಸು ಐವತ್ತು ವರ್ಷ ಬದುಕಿದರೂ ಆ ಲೆಕ್ಕಕ್ಕೆ ಸೇರದು. ಇನ್ನೊಂದು ಕಡೆ, 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳು, ಸಾರಿಗೆ ನಿಗಮಗಳ ಬಸ್ಸುಗಳೂ ಸೇರಿ, ನೋಂದಣಿ ಕಳೆದುಕೊಂಡು ಗುಜರಿಗೆ ಹೋಗಬೇಕೆಂಬ ನಿಯಮ ಬಂದಿದೆ. ಜನರ ಸುರಕ್ಷತೆಗೂ ಗಾಳಿಯ ಶುದ್ಧತೆಗೂ ಅದು ಬೇಕು. ಆದರೆ 15ಕ್ಕೆ ಕತ್ತರಿಸಿದರೆ 50ಕ್ಕೆ ಉಳಿಯುವುದೇನು? ಕಾನೂನಿನ ಪ್ರಕಾರ ಪ್ರಾಚ್ಯವಸ್ತುವೆನಿಸಿಕೊಳ್ಳಲು ಸಾಮಾನ್ಯವಾಗಿ 100 ವರ್ಷವಾಗಿರಬೇಕು. ಹದಿಮೂರನೆಯ ಶತಮಾನದ ಹರಿಹರೇಶ್ವರ ದೇವಾಲಯ ಕಲ್ಲಿನದು, ಅದು ಕಾಯಬಲ್ಲದು. ಮರ, ತಗಡುಗಳ ಬಸ್ಸು ಕಾಯಲಾರದು.

ಇಲ್ಲಿ ಒಂದು ಎದುರು ಮಾತಿದೆ, ಅದನ್ನು ಮರೆಮಾಚಬಾರದು. ನನ್ನ ತಂಗಿಗೆ ಈ ವಿಷಯ ಹೇಳಿದಾಗ ಅವಳು, "ಅಣ್ಣ, ನೀನು ಗಂಡಸು, ಟಾಪ್ ಹತ್ತಿ ಕೂತು ಬರ್ತಿದ್ದೆ. ಆ ನೂಕುನುಗ್ಗಲಲ್ಲಿ ನಾವು ಪಟ್ಟ ಪಾಡು ನಿನಗೇನು ಗೊತ್ತು?" ಎಂದಳು. ಅವಳ ಮಾತು ಸತ್ಯ. ಬಸ್ಸು ತುಂಬುವವರೆಗೆ ಬಿಸಿಲಿನಲ್ಲಿ ಕಾಯಿಸುತ್ತಿದ್ದರು. ಸೀಟು ಖಾಲಿಯಿದ್ದರೂ ಕೆಲವರು ನಿಂತೇ ಬರಬೇಕೆಂಬ ಅಲಿಖಿತ ಕಟ್ಟಳೆಯನ್ನು ನಾನೇ ಕಂಡಿದ್ದೇನೆ. ಕಂಡೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಹಾಗಾದರೆ ಅಂಥದ್ದನ್ನು ಏಕೆ ಉಳಿಸಬೇಕು? ನನ್ನ ಉತ್ತರವಿಷ್ಟೆ. ಬಣ್ಣ ಬಳಿದು, ಹೂವಿನ ಹಾರ ಹಾಕಿ, "ಆ ಕಾಲವೇ ಚೆನ್ನಾಗಿತ್ತು" ಎನ್ನುವುದಕ್ಕಾದರೆ ಬೇಡವೇ ಬೇಡ. ಆ ಬಸ್ಸಿನೊಳಗೆ ಮಕ್ಕಳನ್ನು ಕೂರಿಸಿ, ಯಾರು ಎಲ್ಲಿ ಕೂರುತ್ತಿದ್ದರು, ಯಾರು ನಿಲ್ಲುತ್ತಿದ್ದರು ಎಂದು ಹೇಳುವುದಕ್ಕಾದರೆ ಖಂಡಿತ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟಿಗೆ ಹಣ ಕೊಡದೆ ಓಡಾಡುತ್ತಿರುವ ಹೆಣ್ಣುಮಕ್ಕಳಿಗೆ ತಮ್ಮ ಅಜ್ಜಿಯರು ಹೇಗೆ ಓಡಾಡಿದರೆಂಬುದು ತಿಳಿಯಲಿ.

ಬೇರೆಡೆಗಳಲ್ಲಿ ಈ ಕೆಲಸ ನಡೆದಿದೆ. ಲಂಡನ್ನಿನ ಕೆಂಪು ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರಿನಲ್ಲಿ ನಿತ್ಯದ ಸೇವೆಯಿಂದ ನಿವೃತ್ತವಾದವು. ಆದರೂ ನೂರಾರು ಬಸ್ಸುಗಳು ಇಂದಿಗೂ ಆಸಕ್ತರ ಕೈಯಲ್ಲಿ ಉಳಿದಿವೆ. ಅಲ್ಲಿ 40 ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ ವಾಹನಕ್ಕೆ, ಬಸ್ಸಿಗೂ ಸಹ, ರಸ್ತೆ ತೆರಿಗೆಯ ವಿನಾಯಿತಿ ಉಂಟು. ದೂರವೇಕೆ, ಮುಂಬೈಯಲ್ಲಿ 1937ರಿಂದ ಓಡಿದ ಡೀಸೆಲ್ ಡಬಲ್ ಡೆಕರುಗಳಲ್ಲಿ ಕೊನೆಯದು 2023ರ ಸೆಪ್ಟೆಂಬರ್ 15ರಂದು ನಿಂತಾಗ ಜನ ಅದನ್ನು ಸಿಂಗರಿಸಿ ಬೀಳ್ಕೊಟ್ಟರು. ಒಂದೆರಡನ್ನಾದರೂ ಉಳಿಸಿರೆಂದು ಕೇಳಿದರು. ನಮ್ಮಲ್ಲಿ ಕೌಶಲಕ್ಕೆ ಬರವಿಲ್ಲ. ನಮ್ಮ ಸಾರಿಗೆ ನಿಗಮದವರು 2020ರಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾರ್ಪಡಿಸಿ ಬೆಂಗಳೂರಿನಲ್ಲಿ ನಿಲ್ಲಿಸಿದರು. ಈಚಿನ ವರ್ಷಗಳಲ್ಲಿ ದಣಿದ ಬಸ್ಸುಗಳನ್ನು ತಮ್ಮ ಕಾರ್ಯಾಗಾರಗಳಲ್ಲಿಯೇ ಹೊಸದರಂತೆ ಮಾಡಿ ರಸ್ತೆಗಿಳಿಸಿದ್ದಾರೆ. ಹರಿಹರವಂತೂ ಲೇತು ಯಂತ್ರಗಳ ಊರು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ, ಆದರೆ ಅಲ್ಲಿ ಕೈ ಪಳಗಿದವರು ಇನ್ನೂ ಇದ್ದಾರೆ. ಅಂಗಡಿಯಲ್ಲಿ ಸಿಗದ ಬುಷ್ಷನ್ನೋ ಪಿನ್ನನ್ನೋ ಅಳತೆ ಹಿಡಿದು ಕಡೆದುಕೊಡಬಲ್ಲವರು ಅವರು. ಬಸ್ಸಿನಂತೆ ಅವರಿಗೂ ವಯಸ್ಸಾಗುತ್ತಿದೆ.

ನನ್ನ ಅಭಿಪ್ರಾಯದಲ್ಲಿ ಆಗಬೇಕಾದದ್ದು ಮೂರು. ವಿಂಟೇಜ್ ನಿಯಮದಲ್ಲಿ ಬಸ್ಸು, ಲಾರಿಗಳಿಗೂ ಸ್ಥಾನ ದೊರೆಯಬೇಕು. ಪ್ರದರ್ಶನಕ್ಕೆ ಮಾತ್ರ, ಬಾಡಿಗೆಗೆ ಕೂಡದು ಎಂಬ ಷರತ್ತಿರಲಿ. ಎರಡನೆಯದಾಗಿ, ಪ್ರತಿಯೊಂದು ಸಾರಿಗೆ ನಿಗಮವೂ ಪ್ರತಿ ತಲೆಮಾರಿನ ಒಂದು ಬಸ್ಸನ್ನು, ಅದರ ಟಿಕೆಟು, ಟ್ರಿಪ್ ಶೀಟು, ಬಾಡಿಯ ನಕ್ಷೆಗಳ ಸಮೇತ, ಗುಜರಿಯ ಹರಾಜಿಗೆ ಮೊದಲೇ ತೆಗೆದಿರಿಸಬೇಕು. ಮೂರನೆಯದು ಸರ್ಕಾರದ್ದಲ್ಲ, ನಮ್ಮದು. ಇಂಥ ಕೆಲಸಕ್ಕೆ ಕೈ ಹಾಕಿದ ಹುಡುಗರನ್ನು ಹುಚ್ಚರೆನ್ನುವುದನ್ನು ಬಿಡಬೇಕು. ಹಳೆಯ ಗುಡಿಯ ಕಲ್ಲನ್ನು ಮತ್ತೆ ನಿಲ್ಲಿಸಿದರೆ ಜೀರ್ಣೋದ್ಧಾರ, ಹಳೆಯ ಬಸ್ಸಿನ ತಗಡನ್ನು ಮತ್ತೆ ಜೋಡಿಸಿದರೆ ಹುಚ್ಚು ಎನ್ನುವುದು ಯಾವ ನ್ಯಾಯ?

ಇಷ್ಟಾಗಿಯೂ ನಾನು ಶಿಷ್ಯನ ಪರವಾಗಿಯೇ ತೀರ್ಪು ಕೊಟ್ಟೆನೆಂದು ತಿಳಿಯಬೇಡಿ. ಅವನು ಈ ಬಸ್ಸಿಗಾಗಿ ತನ್ನ ಟೆಂಪೊವನ್ನು ಮಾರಲು ಹೊರಟಿದ್ದ. ಅದು ಕೂಡದೆಂದು ಖಂಡಿತವಾಗಿ ಹೇಳಿದೆ; ಮನೆಯವರ ಅನ್ನದ ಬಟ್ಟಲಿಗೆ ಕೈಹಾಕಿ ಚರಿತ್ರೆಯನ್ನು ಉಳಿಸಬಾರದು. ಬದಲಿಗೆ, ಗುಜರಿಯವರು ಹೇಳಿದಷ್ಟೇ ಬೆಲೆಗೆ ನಾವು ಏಳು ಜನ ಸೇರಿ ಅದನ್ನು ಕೊಳ್ಳುವುದೆಂದು ನಿಶ್ಚಯವಾಗಿದೆ. ನನ್ನ ಪಿಂಚಣಿಯ ಒಂದು ಪಾಲೂ ಅದರಲ್ಲಿದೆ. ಅದು ರಸ್ತೆಯಲ್ಲಿ ಓಡದಿರಬಹುದು. ಅದರ ದಾಖಲೆ ಪತ್ರಗಳು ಎಂದೋ ಕಳೆದುಹೋಗಿವೆ, ನಿಯಮವೂ ಬಿಡದು. ಮೊದಲು ಒಂದು ಸೂರಿನಡಿ ನಿಲ್ಲಲಿ. ಪ್ರತಿ ಭಾಗದ ಚಿತ್ರ ತೆಗೆದು, ಚೀಟಿ ಅಂಟಿಸಿ, ಆಮೇಲೆ ಬಿಚ್ಚುವುದೆಂದು ಹುಡುಗ ಹೇಳಿದ್ದಾನೆ. ನನ್ನ ತರಗತಿಯಲ್ಲಿ ಆ ಶಿಸ್ತು ಅವನಲ್ಲಿ ಕಂಡಿರಲಿಲ್ಲ, ಅಥವಾ ನಾನು ನೋಡಿರಲಿಲ್ಲ.

ಅವನ ತಂದೆಗೆ ಇದನ್ನು ಫೋನಿನಲ್ಲಿ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮದುವೆ ದಿಬ್ಬಣ ಹೋಗಿದ್ದು ಅಂಥದ್ದೇ ಬಸ್ಸಲ್ಲಿ ಮೇಷ್ಟ್ರೇ" ಎಂದರು. ಆಮೇಲೆ, "ಟೆಂಪೊ ಮಾತ್ರ ಮಾರಬಾರದು" ಎಂದು ಮತ್ತೊಮ್ಮೆ ಎಚ್ಚರಿಸಿದರು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ದಿಬ್ಬಣದ ಬಸ್ಸಿನ ಮುಂದೆ ನಿಂತು ತೆಗೆಸಿದ ಹಳೆಯ ಚಿತ್ರವಿದ್ದರೆ, ಅದರ ಹಿಂದೆ ವರ್ಷ, ಊರು, ಬಸ್ಸು ಓಡುತ್ತಿದ್ದ ದಾರಿ ಇವಿಷ್ಟನ್ನು ಹಿರಿಯರನ್ನು ಕೇಳಿ ಇಂದೇ ಬರೆದಿಡಿ, ನನಗೊಂದು ಪ್ರತಿ ಕಳುಹಿಸಿ. ಬರುವ ಭಾನುವಾರ ನಾನು ಹರಿಹರಕ್ಕೆ ಹೋಗುವವನಿದ್ದೇನೆ. ಬಾಗಿಲ ಮೇಲೆ "ಬೆನ್ನೂ" ಎಂಬುದರ ಆಚೀಚೆ ಇನ್ನೂ ಅಕ್ಷರಗಳಿವೆ, ಅವನ್ನು ಉಜ್ಜಿ ಓದಬೇಕಾಗಿದೆ.