ಬಾವುಟ ಹೊತ್ತವರೇ ಉಮೇದುವಾರರಾಗಲಿ

ಚುನಾವಣೆ ಬಂತೆಂದರೆ ನಮ್ಮ ಕಪನೂರಿನ ಓಣಿಗಳಲ್ಲಿ ಬಾವುಟ ಹೊರುವವರು ತರುಣರು. ಉಮೇದುವಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರು ವಿರಳ. ಕಾನೂನು ಅಡ್ಡಬಂದಿಲ್ಲ. 1989ರಿಂದ 18 ತುಂಬಿದವರಿಗೆ ಮತದ ಹಕ್ಕಿದೆ. 21ಕ್ಕೆ ಪಂಚಾಯಿತಿ, ನಗರಪಾಲಿಕೆಗಳಿಗೂ 25ಕ್ಕೆ ವಿಧಾನಸಭೆಗೂ ನಿಲ್ಲಬಹುದು. ಅಡ್ಡಬರುವುದು ಹಣ ಮತ್ತು ಜಾತಿ.

ಕಲಬುರಗಿಯ ಸರಕಾರಿ ಕಾಲೇಜಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು 1972ರಲ್ಲಿ, ಮೂವತ್ತು ತುಂಬುವ ಮೊದಲೇ, ಗುರುಮಠಕಲ್ ಕ್ಷೇತ್ರದಿಂದ ವಿಧಾನಸಭೆ ಸೇರಿದರು. ದಾರಿ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಮಿತ್ರರೇ, ಹರೆಯವೊಂದೇ ಅರ್ಹತೆಯಲ್ಲ. ಜಾತಿಯ ಹೆಸರಿನಲ್ಲಿ ಮತ ಬೇಡುವ, ಹೆಂಡ ಹಂಚುವ ತರುಣನಿಗಿಂತ ಪ್ರಾಮಾಣಿಕ ಮುದುಕನೇ ಮೇಲು. ನೀರು, ಶಾಲೆ, ಸಮಾನತೆಗಾಗಿ ದುಡಿದ ತರುಣನೋ ತರುಣಿಯೋ ನಿಂತರೆ ಮನೆಮನೆಗೆ ನಡೆಯೋಣ. ಗೆದ್ದ ಮೇಲೆ ಲೆಕ್ಕವನ್ನೂ ಕೇಳೋಣ. ಹಣವಿಲ್ಲದವರಿಗೆ ನಮ್ಮ ಕಾಲುಗಳೇ ಬಂಡವಾಳ.