ಕತ್ತು ನಿಮ್ಮದು, ಒಪ್ಪಿಗೆಯೂ ನಿಮ್ಮದೇ!

ಬೆಳಿಗ್ಗೆ ಡಬ್ಬಿ ಕಟ್ಟುವುದರಿಂದ ಶುರುವಾದ ಓಡಾಟ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೂ ಮುಗಿಯುವುದಿಲ್ಲ. ನಡುವೆ ಸೊಂಟ ಹಿಡಿದುಕೊಳ್ಳುತ್ತದೆ, ಕತ್ತು ತಿರುಗಿಸಲು ಆಗುವುದಿಲ್ಲ. ಮುಲಾಮು ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು ಸಾಕಾದ ಮೇಲೆ ಯಾರೋ ಒಬ್ಬರು ಹೇಳುತ್ತಾರೆ, "ಅಯ್ಯೋ, ಇದಕ್ಕ್ಯಾಕ್ರೀ ಇಷ್ಟು ಒದ್ದಾಡ್ತೀರಾ? ಕೈರೋಪ್ರಾಕ್ಟಿಕ್ ಮಾಡಿಸ್ಕೊಳ್ಳಿ. ಒಂದೇ ಸಲ ಲಟಕ್ ಅನ್ನಿಸ್ತಾರೆ, ಎಲ್ಲಾ ಸರಿಹೋಗುತ್ತೆ!" ಮೊಬೈಲ್ ತೆರೆದರೂ ಅದೇ ವಿಡಿಯೋ. ಲಟಲಟ ಸದ್ದು, ಆಮೇಲೆ ರೋಗಿಯ ಮುಖದಲ್ಲಿ ನಗು. ನೋಡಿದವರಿಗೆ ಆಸೆಯಾಗದೆ ಇರುತ್ತದೆಯೇ?

ಹೋಗಬೇಡಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಆದರೆ ಆ ಮೇಜಿನ ಮೇಲೆ ಮಲಗುವ ಮುನ್ನ ಒಂದು ಕಾಗದ ನಿಮ್ಮ ಕೈಗೆ ಬರುತ್ತದಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಏನಿದು ಚಿಕಿತ್ಸೆ?

ಬೆನ್ನುಮೂಳೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಕಡಿಮೆ ಮಾಡುವ ಪದ್ಧತಿ ಇದು. 1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಎಂಬಾತ ಇದನ್ನು ಆರಂಭಿಸಿದ. ಲಟಕ್ ಎಂಬ ಸದ್ದು ಬಂದರೆ ಜಾರಿದ ಮೂಳೆ ಸ್ವಸ್ಥಾನಕ್ಕೆ ಬಂತು ಎಂದು ನಾವು ತಿಳಿಯುತ್ತೇವೆ. ಹಾಗೇನಿಲ್ಲ. ಕೀಲಿನ ದ್ರವದಲ್ಲಿರುವ ಅನಿಲದಿಂದ ಬರುವ ಸದ್ದು ಅದು, ಬೆರಳಿನ ನೆಟಿಗೆ ಮುರಿದಾಗ ಬರುತ್ತದಲ್ಲ, ಹಾಗೆಯೇ.

ಹಾಗೆಂದು ಇದು ಬರೀ ಮೋಸವೂ ಅಲ್ಲ. ಬಹುಕಾಲದ ಸೊಂಟನೋವಿಗೆ ವ್ಯಾಯಾಮ, ಮಸಾಜ್ ಮುಂತಾದವುಗಳ ಜೊತೆ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಒಂದು ಆಯ್ಕೆಯಾಗಿ ಪರಿಗಣಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಗಮನಿಸಿ, ಒಂದು ಆಯ್ಕೆ ಅಷ್ಟೇ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮುಟ್ಟಿನ ತೊಂದರೆ ಎಲ್ಲವೂ ಇದರಿಂದಲೇ ವಾಸಿ ಎನ್ನುವವರನ್ನು ಕಂಡರೆ ದೂರವಿರಿ.

ಅಪಾಯ ಅಪರೂಪ, ಆದರೆ ಇದೆ

ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವು, ಬಿಗಿತ, ತಲೆನೋವು, ಸುಸ್ತು ಸಾಮಾನ್ಯ. ಹೆದರಬೇಕಾದ್ದಿಲ್ಲ. ಎಚ್ಚರ ಬೇಕಿರುವುದು ಕತ್ತಿನ ವಿಷಯದಲ್ಲಿ. ಕತ್ತಿನ ಮೂಳೆಗಳ ಒಳಗಿನಿಂದಲೇ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಕತ್ತನ್ನು ರಭಸವಾಗಿ ತಿರುಗಿಸಿದಾಗ ತೀರಾ ಅಪರೂಪಕ್ಕೆ ಆ ನಾಳದ ಒಳಪದರ ಸೀಳಿ, ಪಾರ್ಶ್ವವಾಯು ಆಗಬಹುದು. 2016ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 34 ವರ್ಷದ ಮಾಡೆಲ್ ಒಬ್ಬಳು ಹೀಗೆಯೇ ಪ್ರಾಣ ಕಳೆದುಕೊಂಡಳು. ಕತ್ತಿನ ಚಿಕಿತ್ಸೆಯಲ್ಲಿ ರಕ್ತನಾಳ ಸೀಳಿದ್ದೇ ಕಾರಣ ಎಂದು ಅಲ್ಲಿನ ಮರಣ ವಿಚಾರಣಾಧಿಕಾರಿಯ ವರದಿ ಹೇಳಿತು.

ಹಾಗಾದರೆ ಸಲೂನಿನಲ್ಲಿ, ಪಾರ್ಲರಿನಲ್ಲಿ ಹೆಡ್ ಮಸಾಜ್ ಮುಗಿಸಿ "ಒಂದ್ಸಲ ಕತ್ತು ತಿರುಗಿಸಲಾ ಮೇಡಂ?" ಎನ್ನುತ್ತಾರಲ್ಲ, ಅದು? ಅದಕ್ಕಂತೂ ಖಡಾಖಂಡಿತವಾಗಿ ಬೇಡ ಅನ್ನಿ. ಅಲ್ಲಿ ತರಬೇತಿಯೂ ಇಲ್ಲ, ತಪಾಸಣೆಯೂ ಇಲ್ಲ.

ಅಪಾಯ ಅಪರೂಪವೇ ಇರಬಹುದು. ಆದರೆ ಅದನ್ನು ಹೊರಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಯಾರು? ನೀವೇ ತಾನೇ?

ಸಹಿ ಎಂದರೆ ಒಪ್ಪಿಗೆಯಲ್ಲ

ನಮ್ಮಲ್ಲಿ ನಡೆಯುವುದು ಹೇಗೆ ನೋಡಿ. ರಿಸೆಪ್ಶನ್‌ನಲ್ಲಿ ಕ್ಲಿಪ್ ಹಾಕಿದ ಎರಡು ಹಾಳೆ, ಒಂದು ಪೆನ್ನು. "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಸೈನ್ ಮಾಡಿ." ಇಂಗ್ಲಿಷಿನಲ್ಲಿ ಇರುವೆಸಾಲಿನಂಥ ಅಕ್ಷರ. ಓದುತ್ತಾ ಕುಳಿತರೆ ಹಿಂದಿನವರು ಗೊಣಗುತ್ತಾರೆ ಎಂಬ ಸಂಕೋಚ. ಎಷ್ಟೋ ಸಲ ಆ ಹಾಳೆ ನಮ್ಮ ಕೈಗೂ ಬರುವುದಿಲ್ಲ, ಪಕ್ಕದಲ್ಲಿರುವ ಯಜಮಾನರ ಕೈಗೆ ಹೋಗುತ್ತದೆ. ಅವರು ಸಹಿ ಹಾಕುತ್ತಾರೆ, ನಾವು ಒಳಗೆ ಹೋಗಿ ಮಲಗುತ್ತೇವೆ. ಸೀರೆ ಕೊಳ್ಳುವಾಗ ಅಂಚು, ಸೆರಗು, ಬಣ್ಣ ಬಿಡುತ್ತದೋ ಇಲ್ಲವೋ ಎಂದೆಲ್ಲ ವಿಚಾರಿಸುವ ನಾವು ನಮ್ಮದೇ ಮೈಯ ವಿಷಯದಲ್ಲಿ ಇಷ್ಟು ಉದಾಸೀನ ಮಾಡುವುದು ಸರಿಯೇ?

ಈ ಬಗ್ಗೆ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಹೆಣ್ಣುಮಗಳೂ ತಿಳಿದಿರಬೇಕು. 1995ರಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಅತಿಯಾದ ರಕ್ತಸ್ರಾವವೆಂದು ದೆಹಲಿಯ ವೈದ್ಯರಲ್ಲಿಗೆ ಹೋದರು. ಲ್ಯಾಪರೋಸ್ಕೋಪಿ ಮಾಡಿ ಪರೀಕ್ಷಿಸಲು ಅವರು ಒಪ್ಪಿದ್ದರು. ಆದರೆ ಅರಿವಳಿಕೆಯಲ್ಲಿ ಇದ್ದಾಗಲೇ, ಹೊರಗೆ ಕುಳಿತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಹಾಕಲಾಯಿತು. ಎಚ್ಚರವಾದ ಮೇಲಷ್ಟೇ ಅವರಿಗೆ ಗೊತ್ತಾದದ್ದು!

ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ, ಪ್ರಾಯಕ್ಕೆ ಬಂದ, ಸ್ವಸ್ಥ ಮನಸ್ಸಿನ ವ್ಯಕ್ತಿಯ ಪರವಾಗಿ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ ಎಂದು ಕೋರ್ಟ್ ಹೇಳಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ ಎಂದೂ ಹೇಳಿತು. ಚಿಕಿತ್ಸೆ ಏನು, ಯಾತಕ್ಕೆ, ಲಾಭವೇನು, ಬೇರೆ ದಾರಿ ಇದೆಯೇ, ದೊಡ್ಡ ಅಪಾಯ ಯಾವುದು, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿದ ಮೇಲೆ ಸಿಗುವುದೇ ನಿಜವಾದ ಒಪ್ಪಿಗೆ. ಅದು ವೈದ್ಯರ ಮೇಲಿನ ಮೊಕದ್ದಮೆ, ನಿಜ. ಆದರೆ ನಮ್ಮ ಮೈಮುಟ್ಟಿ ಚಿಕಿತ್ಸೆ ಕೊಡುವ ಯಾರಿಂದಲೂ ಇಷ್ಟನ್ನು ನಿರೀಕ್ಷಿಸುವುದರಲ್ಲಿ ತಪ್ಪೇನಿದೆ? ಸೊಂಟ ನೋಡಿಸಲು ಹೋದವಳ ಕತ್ತನ್ನು ಹೇಳದೆ ಕೇಳದೆ ತಿರುಗಿಸುವುದೂ ಇದೇ ಜಾತಿಯ ತಪ್ಪು.

ಮಲಗುವ ಮುನ್ನ ಕೇಳಿ

* ನೀವು ಏನು ಓದಿದ್ದೀರಿ, ಎಲ್ಲಿ, ಎಷ್ಟು ವರ್ಷ? ವೈದ್ಯಕೀಯ ಓದಿಲ್ಲದವರಿಗೆ ಪೂರ್ಣ ಕೈರೋಪ್ರಾಕ್ಟಿಕ್ ಶಿಕ್ಷಣ ಎಂದರೆ ಕನಿಷ್ಠ 4200 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟ್ ಇದಕ್ಕೆ ಸಮವಲ್ಲ.

* ನನ್ನ ನೋವಿಗೆ ಕಾರಣ ಏನು? ಎಕ್ಸ್‌ರೇ ಬೇಕೆಂದರೆ ಯಾತಕ್ಕೆ?

* ಕತ್ತನ್ನು ತಿರುಗಿಸುತ್ತೀರಾ? ತಿರುಗಿಸದೆ ಮಾಡುವ ವಿಧಾನ ಇದೆಯೇ?

* ಫಿಸಿಯೋಥೆರಪಿ, ವ್ಯಾಯಾಮದಿಂದಲೇ ವಾಸಿಯಾಗುವುದಿಲ್ಲವೇ?

* ಎಷ್ಟು ಸಿಟಿಂಗ್? ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ?

* ಚಿಕಿತ್ಸೆ ವೇಳೆ ಹೆಂಗಸೊಬ್ಬರು ಜೊತೆಗಿರುತ್ತಾರೆಯೇ? ವಿಡಿಯೋ ತೆಗೆಯುತ್ತೀರಾ? ನಿಮ್ಮ ವಿಡಿಯೋ ಅವರ ಜಾಹೀರಾತಾಗಲು ಬೇರೆಯೇ ಒಪ್ಪಿಗೆ ಬೇಕು. ಬೇಡ ಎನಿಸಿದರೆ ಬೇಡ ಎನ್ನಿ.

ನೀವು ಹೇಳಬೇಕಾದದ್ದೂ ಇದೆ. ಗರ್ಭಿಣಿಯಾಗಿದ್ದರೆ, ಮೂಳೆ ಸವೆತ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಬಹುದಿನದಿಂದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ಸಂಧಿವಾತ, ಕ್ಯಾನ್ಸರ್, ಹಿಂದಿನ ಪಾರ್ಶ್ವವಾಯು ಇದ್ದರೆ ಮುಚ್ಚಿಡಬೇಡಿ. ಮುಟ್ಟು ನಿಂತ ಮೇಲೆ ನಮ್ಮ ಮೂಳೆಗಳು ಬೇಗ ಸವೆಯುತ್ತವೆ ಎಂಬುದನ್ನು ಮರೆಯದಿರಿ. ಕೈಕಾಲು ಜೋಮು ಹಿಡಿದು ಬಲ ಕುಂದಿದ್ದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ. ಚಿಕಿತ್ಸೆಯಾದ ಮೇಲೆ ಹಿಂದೆಂದೂ ಬರದಂಥ ಕತ್ತು-ತಲೆನೋವು, ತಲೆಸುತ್ತು, ಮಾತಿನ ತೊದಲು, ಎರಡೆರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು ಕಂಡರೆ "ನಾಳೆ ನೋಡೋಣ" ಎನ್ನಬೇಡಿ. ಆ ಕ್ಷಣವೇ ಆಸ್ಪತ್ರೆ.

ದುಡ್ಡಿನ ಷರತ್ತು

ಇಪ್ಪತ್ತೋ ಮೂವತ್ತೋ ಸಿಟಿಂಗ್‌ಗಳ ಪ್ಯಾಕೇಜ್, ಇವತ್ತೇ ಕಟ್ಟಿದರೆ ರಿಯಾಯಿತಿ! ಮೊದಲ ದಿನವೇ ಈ ಮಾತು ಬಂದರೆ ಅನುಮಾನಿಸಿ. ನಡುವೆ ಬಿಟ್ಟರೆ ಉಳಿದ ಹಣ ವಾಪಸ್ ಬರುತ್ತದೆಯೇ, ಬರಲಾಗದ ದಿನದ ಲೆಕ್ಕ ಹೇಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ರಸೀದಿ, ಸಹಿ ಹಾಕಿದ ಹಾಳೆಯ ಪ್ರತಿ ನಿಮ್ಮ ಬಳಿ ಇರಲಿ. ತೊಂದರೆಯಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು.

ಇನ್ನೊಂದು ಮಾತು ಸರ್ಕಾರಕ್ಕೆ. ಬ್ರಿಟನ್ನಿನಲ್ಲಿ 1994ರಲ್ಲೇ ಕೈರೋಪ್ರಾಕ್ಟರುಗಳಿಗೆಂದು ಕಾನೂನು ಬಂತು, ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಫಿಸಿಯೋಥೆರಪಿಸ್ಟರನ್ನು 2021ರ ಕಾಯ್ದೆಯಡಿ ತಂದಿದ್ದಾರೆ. ಕೈರೋಪ್ರಾಕ್ಟಿಕ್‌ಗೆ ಮಾತ್ರ ಪ್ರತ್ಯೇಕ ಮಂಡಳಿಯಿಲ್ಲ. ಬೋರ್ಡು ಹಾಕಿದವರೆಲ್ಲ ಪರಿಣತರೇ ಆಗಿಬಿಡುತ್ತಾರೆ. ಇದಕ್ಕೊಂದು ಕಡಿವಾಣ ಬೇಕು.

ಅದು ಬರುವವರೆಗೆ ನಮ್ಮ ಕಾವಲು ನಮ್ಮ ಬಾಯಿಯೇ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಬೇಡ. ಒಳ್ಳೆಯ ಚಿಕಿತ್ಸಕರು ಪ್ರಶ್ನೆಗೆ ಸಿಡುಕುವುದಿಲ್ಲ, ಕೂರಿಸಿಕೊಂಡು ಹೇಳುತ್ತಾರೆ. ಸಿಡುಕಿದರೆ ಪರ್ಸ್ ಎತ್ತಿಕೊಂಡು ಹೊರಟುಬಿಡಿ. ಸಹಿ ಹಾಕಿದ ಮೇಲೂ, ಮೇಜಿನ ಮೇಲೆ ಮಲಗಿದ ಮೇಲೂ "ಬೇಡ, ನಿಲ್ಲಿಸಿ" ಎನ್ನುವ ಹಕ್ಕು ನಿಮ್ಮದೇ. ಏನಂತೀರಿ?